ನಾನು ಹುಟ್ಟುವ ಮೊದಲಿನ ಟೇಪಿನ ಸದ್ದು: ಅದನ್ನು ಪ್ರೀತಿಸುವ ಕಿವಿಯಲ್ಲಿ ದೋಷವಿದೆಯೇ?

ಪ್ರಶ್ನೆ: ನನಗೆ ಇಪ್ಪತ್ತೊಂದು ವರ್ಷ, ಊರು ಶಿವಮೊಗ್ಗ, ಎಂಜಿನಿಯರಿಂಗ್‌ನ ಕೊನೆಯ ವರ್ಷದಲ್ಲಿದ್ದೇನೆ. ಗೈಡೆಡ್ ಬೈ ವಾಯ್ಸಸ್ ಎಂಬ ಅಮೆರಿಕದ ತಂಡ 1994ರಲ್ಲಿ ಹೊರತಂದ ‘ಬೀ ಥೌಸಂಡ್’ ಎಂಬ ಆಲ್ಬಮ್ ಎಂಟು ತಿಂಗಳ ಹಿಂದೆ ಆಕಸ್ಮಿಕವಾಗಿ ಕಿವಿಗೆ ಬಿತ್ತು. ಅಂದಿನಿಂದ ಅದನ್ನು ಕೇಳದೆ ಮಲಗಿದ ದಿನವಿಲ್ಲ. ಹಾಸ್ಟೆಲ್‌ನ ಗೆಳತಿಯರಿಗೆ ಕೇಳಿಸಿದರೆ, ‘ಇದೇನೇ, ಡಬ್ಬದೊಳಗೆ ಕೂತು ಹಾಡಿದಂತಿದೆ’ ಎನ್ನುತ್ತಾರೆ. ಹುಟ್ಟುವುದಕ್ಕೆ ಹತ್ತು ವರ್ಷ ಮೊದಲಿನ, ಕಣ್ಣಾರೆ ನೋಡದ ಊರಿನ, ಅರ್ಧಕ್ಕರ್ಧ ಅರ್ಥವಾಗದ ಹಾಡುಗಳನ್ನು ಇಷ್ಟಪಡುವುದು ಬರೀ ಶೋಕಿ ಎಂದು ಒಬ್ಬಳು ಹೇಳಿದ್ದು ಮನಸ್ಸಿಗೆ ಚುಚ್ಚಿದೆ. ಹಣ ಕೂಡಿಸಿ ಒಳ್ಳೆಯ ಹೆಡ್‌ಫೋನ್ ಕೊಂಡರೆ ಆಲ್ಬಮ್ ಮೊದಲಿಗಿಂತ ಕೆಟ್ಟದಾಗಿ ಕೇಳಿಸುತ್ತಿದೆ. ನನ್ನ ಕಿವಿಯಲ್ಲೇ ಏನಾದರೂ ದೋಷವಿದೆಯೇ? ಇದರ ಎಲ್‌ಪಿ (ಗ್ರಾಮಫೋನ್ ತಟ್ಟೆ) ತರಿಸಿದರೆ ಸರಿಹೋಗುತ್ತದೆಯೇ? ನಾನೂ ನಾಲ್ಕಾರು ಹಾಡು ಕಟ್ಟಿದ್ದೇನೆ. ಅವರು ಬಳಸಿದಂಥದೇ ಹಳೆಯ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರ ಕೊಂಡು ಅದರಲ್ಲೇ ಧ್ವನಿಮುದ್ರಣ ಮಾಡುವ ಆಸೆಯಿದೆ. ಮಾಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅವುಗಳ ಕೆಳಗಿರುವ ಅಳುಕು ಒಂದೇ ಎಂದು ನನಗೆ ತೋರುತ್ತದೆ. ಎಲ್ಲರ ಕಿವಿಗೆ ಕೆಟ್ಟದೆನಿಸಿದ ಸದ್ದು ನಿಮಗೆ ಚೆನ್ನಾಗಿ ಕೇಳಿಸುತ್ತಿರುವುದರಿಂದ, ಒಂದೋ ನಿಮ್ಮ ಕಿವಿ ಸರಿಯಿಲ್ಲ, ಇಲ್ಲವೇ ನಿಮ್ಮ ಪ್ರೀತಿ ಸಾಚಾ ಅಲ್ಲ ಎಂದು ನೀವು ಹೆದರಿದ್ದೀರಿ. ಧ್ವನಿಮುದ್ರಣದ ಕೆಲಸವನ್ನೂ ಹಳೆಯ ಟೇಪುಗಳನ್ನು ಶುದ್ಧಗೊಳಿಸಿ ಡಿಜಿಟಲ್‌ಗೆ ಇಳಿಸುವ ಕೆಲಸವನ್ನೂ ಮಾಡಿಕೊಂಡು ಬಂದ ನನ್ನ ಅನುಭವದಲ್ಲಿ ಹೇಳುವುದಾದರೆ, ಎರಡೂ ಹೆದರಿಕೆಗೆ ಆಧಾರವಿಲ್ಲ. ಆದರೆ ‘ಆಧಾರವಿಲ್ಲ’ ಎಂದಷ್ಟೇ ಹೇಳಿದರೆ ನಿಮ್ಮ ಗೆಳತಿಯರ ಮಾತಿಗೆ ನನ್ನ ಮಾತನ್ನು ಎದುರು ನಿಲ್ಲಿಸಿದಂತಾಗುತ್ತದೆಯೇ ಹೊರತು ನಿಮಗೆ ಸಮಾಧಾನವಾಗುವುದಿಲ್ಲ. ಆ ಸದ್ದು ಹಾಗೇಕೆ ಇದೆ ಎಂಬುದರಿಂದಲೇ ಶುರುಮಾಡೋಣ.

ಮೊದಲು ತಂಡದ ಬಗ್ಗೆ ಎರಡು ಮಾತು. ಒಹಾಯೊ ರಾಜ್ಯದ ಡೇಟನ್ ಎಂಬ ಕೈಗಾರಿಕಾ ಪಟ್ಟಣದಲ್ಲಿ 1983ರಲ್ಲಿ ಹುಟ್ಟಿಕೊಂಡ ತಂಡವಿದು. ಹಾಡು ಕಟ್ಟುತ್ತಿದ್ದ ರಾಬರ್ಟ್ ಪೊಲಾರ್ಡ್ ವೃತ್ತಿಯಿಂದ ಶಾಲಾ ಶಿಕ್ಷಕರು. ನಾಲ್ಕನೆಯ ತರಗತಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಈ ಆಲ್ಬಮ್ 1994ರ ಜೂನ್‌ನಲ್ಲಿ ಹೊರಬಂದಾಗ ಅವರಿಗೆ ಮೂವತ್ತಾರು ವರ್ಷ, ರಾಕ್ ಸಂಗೀತದ ಲೆಕ್ಕದಲ್ಲಿ ತಡವಾದ ವಯಸ್ಸು. ಅದಕ್ಕೂ ಮೊದಲು ಅವರು ಹೊರತಂದ ಆಲ್ಬಮ್‌ಗಳು ಡೇಟನ್‌ನಿಂದಾಚೆಗೆ ಹೆಚ್ಚು ಜನಕ್ಕೆ ಗೊತ್ತಾಗಲೇ ಇಲ್ಲ. 1992ರ ‘ಪ್ರೊಪೆಲ್ಲರ್’ ಆಲ್ಬಮ್ಮಿನ ಐನೂರು ಪ್ರತಿಗಳನ್ನಷ್ಟೇ ಅಚ್ಚು ಹಾಕಿಸಿ, ಪ್ರತಿಯೊಂದಕ್ಕೂ ಕೈಯಿಂದಲೇ ಬೇರೆ ಬೇರೆ ರಕ್ಷಾಪುಟ ಮಾಡಿ ಹಂಚಿದ್ದರು. ‘ಬೀ ಥೌಸಂಡ್’ ಅನ್ನು ಕ್ಲೀವ್‌ಲ್ಯಾಂಡಿನ ಸ್ಕ್ಯಾಟ್ ರೆಕಾರ್ಡ್ಸ್ ಎಂಬ ಚಿಕ್ಕ ಸಂಸ್ಥೆ ಪ್ರಕಟಿಸಿತು. ಮೂವತ್ತಾರು ನಿಮಿಷಗಳಲ್ಲಿ ಇಪ್ಪತ್ತು ಹಾಡುಗಳು. ಕೆಲವು ಒಂದೇ ನಿಮಿಷದಲ್ಲಿ ಮುಗಿದುಹೋಗುತ್ತವೆ. ಹೆಚ್ಚಿನವು ಗ್ಯಾರೇಜು ಮತ್ತು ನೆಲಮಾಳಿಗೆಗಳಲ್ಲಿ, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಮುದ್ರಿತವಾದವು. ಯಂತ್ರದ ಮುಂದೆ ಬಹುಪಾಲು ಕುಳಿತವರು ತಂಡದ ಇನ್ನೊಬ್ಬ ಗಾಯಕ ಟೋಬಿನ್ ಸ್ಪ್ರೌಟ್.

ಈಗ ಆ ಯಂತ್ರಕ್ಕೆ ಬರೋಣ, ಏಕೆಂದರೆ ನಿಮ್ಮ ಅರ್ಧ ಪ್ರಶ್ನೆಗಳಿಗೆ ಉತ್ತರ ಅದರ ಹೊಟ್ಟೆಯಲ್ಲಿದೆ. ಸಾಧಾರಣ ಕ್ಯಾಸೆಟ್ಟಿನ ರೀಲನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ. ಅದರ ಅಗಲ 3.81 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ದಪ್ಪ ಗೀಟಿನಷ್ಟು. ಮನೆಯ ಟೇಪ್ ರೆಕಾರ್ಡರಿನಲ್ಲಿ ಅದರ ಮೇಲೆ ‘ಎ’ ಬದಿಗೆ ಎಡ-ಬಲವೆಂದು ಎರಡು ದಾರಿ (ಟ್ರ್ಯಾಕ್), ತಿರುಗಿಸಿ ಹಾಕಿದಾಗ ‘ಬಿ’ ಬದಿಗೆ ಎರಡು ದಾರಿ. ಟಿಯಾಕ್ ಸಂಸ್ಥೆ 1979ರಲ್ಲಿ ಹೊರತಂದ ಪೋರ್ಟಾಸ್ಟುಡಿಯೊ ಎಂಬ ಯಂತ್ರ ಈ ನಾಲ್ಕೂ ದಾರಿಗಳನ್ನು ಒಂದೇ ದಿಕ್ಕಿಗೆ ಓಡಿಸಿತು. ಅಲ್ಲಿಂದ ಮುಂದೆ ಒಬ್ಬನೇ ವ್ಯಕ್ತಿ ಮನೆಯಲ್ಲಿ ಕುಳಿತು ಮೊದಲು ಡ್ರಮ್ಸ್, ಆಮೇಲೆ ಗಿಟಾರ್, ಆಮೇಲೆ ಬೇಸ್, ಕೊನೆಗೆ ಕಂಠ ಎಂದು ಒಂದರ ಪಕ್ಕ ಒಂದನ್ನು ತುಂಬಿಸಬಹುದಾಯಿತು. ಅದುವರೆಗೆ ಇದಕ್ಕೆ ಸ್ಟುಡಿಯೊ ಬಾಡಿಗೆ ತೆರಬೇಕಿತ್ತು, ಇಲ್ಲವೇ ದುಬಾರಿ ರೀಲ್ ಯಂತ್ರ ಕೊಳ್ಳಬೇಕಿತ್ತು.

ಆದರೆ ಅಷ್ಟು ಕಿರಿದಾದ ಟೇಪಿನಲ್ಲಿ ನಾಲ್ಕು ದಾರಿಯೆಂದರೆ ಒಂದೊಂದರ ಪಾಲಿಗೆ ಬಂದದ್ದು ಒಂದು ಮಿಲಿಮೀಟರಿಗೂ ಕಡಿಮೆ. ಜೊತೆಗೆ ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ ಚಲಿಸುತ್ತದೆ; ಕೆಲವು ನಾಲ್ಕು ಟ್ರ್ಯಾಕಿನ ಯಂತ್ರಗಳು ಅದರ ಎರಡರಷ್ಟು ವೇಗದಲ್ಲಿ ಓಡಿಸುತ್ತಿದ್ದವು. ಅದೇ ಕಾಲದ ದೊಡ್ಡ ಸ್ಟುಡಿಯೊಗಳಲ್ಲಿ ಎರಡು ಇಂಚು ಅಗಲದ ಟೇಪು ಸೆಕೆಂಡಿಗೆ 38 ಅಥವಾ 76 ಸೆಂಟಿಮೀಟರ್ ವೇಗದಲ್ಲಿ ಓಡುತ್ತಿತ್ತು. ಟೇಪಿನ ಮೇಲಿರುವುದು ಕಾಂತೀಯ ಪುಡಿಯ ಲೇಪ. ಟೇಪಿನ ಮೇಲೆ ಸದ್ದನ್ನು ಬರೆಯುವ, ಓದುವ ಹೆಡ್ ಎಂಬ ಭಾಗದ ಮುಂದೆ ಒಂದು ಕ್ಷಣದಲ್ಲಿ ಎಷ್ಟು ಹೆಚ್ಚು ಕಣಗಳು ಹಾದುಹೋಗುತ್ತವೆಯೋ ಅಷ್ಟು ಸ್ವಚ್ಛವಾಗಿ ಸದ್ದು ದಾಖಲಾಗುತ್ತದೆ, ಕಣಗಳು ಕಡಿಮೆಯಾದಷ್ಟೂ ಅವುಗಳ ಅಡ್ಡಾದಿಡ್ಡಿ ಜೋಡಣೆಯೇ ‘ಸುಯ್’ ಎಂಬ ಸದ್ದಾಗಿ ಮೇಲೇಳುತ್ತದೆ. ನಿಮ್ಮ ಆಲ್ಬಮ್ಮಿನ ಹಿಂದೆ ಸದಾ ಮಳೆ ಹನಿಯುತ್ತಿರುವಂತೆ ಕೇಳಿಸುವುದು ಅದೇ.

ಇಷ್ಟೇ ಆಗಿದ್ದರೆ ‘ಡಬ್ಬದೊಳಗೆ’ ಎಂಬ ಮಾತು ಬರುತ್ತಿರಲಿಲ್ಲ. ನಾಲ್ಕು ದಾರಿ ಸಾಲದಾದಾಗ ಮೂರರಲ್ಲಿ ತುಂಬಿಸಿದ್ದನ್ನು ಒಟ್ಟುಗೂಡಿಸಿ ನಾಲ್ಕನೆಯದಕ್ಕೆ ಸಾಗಿಸಿ, ಆ ಮೂರನ್ನು ಅಳಿಸಿ ಮತ್ತೆ ಹೊಸದಾಗಿ ತುಂಬುವುದು ಈ ಯಂತ್ರಗಳಲ್ಲಿ ರೂಢಿ. ಹೀಗೆ ಒಮ್ಮೆ ಸಾಗಿಸಿದಾಗಲೆಲ್ಲ ಸುಯ್ ಸದ್ದಿನ ಮೇಲೆ ಸುಯ್ ಸದ್ದು ಸೇರುತ್ತದೆ, ಮೇಲಿನ ಸ್ವರಾಂಶಗಳು ಸವೆಯುತ್ತವೆ, ಡ್ರಮ್ಸ್ ಮತ್ತು ಗಿಟಾರ್ ಒಂದಕ್ಕೊಂದು ಅಂಟಿಕೊಂಡು ಆ ಯಂತ್ರದಲ್ಲಿ ಮತ್ತೆ ಬಿಡಿಸಲಾಗದಂತಾಗುತ್ತವೆ. ಟೇಪಿಗೆ ಅದು ತಾಳುವುದಕ್ಕಿಂತ ಹೆಚ್ಚು ಮಟ್ಟದ ಸದ್ದು ಕೊಟ್ಟರೆ ಆ ಸದ್ದು ತಟ್ಟನೆ ಒಡೆಯುವುದಿಲ್ಲ. ಮೆಲ್ಲಗೆ ದುಂಡಗಾಗಿ, ದಪ್ಪಗಾಗಿ, ಹೊಸ ಉಪಸ್ವರಗಳನ್ನು ತಾನೇ ಸೇರಿಸುತ್ತದೆ. ಗೆಳತಿಯರು ಕೇಳಿದ ಡಬ್ಬವೂ ನೀವು ಕೇಳಿದ ಬಿಸುಪೂ ಒಂದೇ ಭೌತಿಕ ಸಂಗತಿಯ ಎರಡು ಹೆಸರು. ಅವರು ಹೇಳಿದ್ದು ಸುಳ್ಳಲ್ಲ, ನೀವು ಕೇಳಿದ್ದೂ ಸುಳ್ಳಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಿಸಿ ಇಡಬೇಕು. ಇಂಥ ಆಲ್ಬಮ್‌ಗಳನ್ನು ಬೇಕೆಂದೇ ಕೆಡಿಸಿ ಮಾಡಿದರು ಎನ್ನುವವರಿದ್ದಾರೆ; ಬಡತನದಿಂದ ಬೇರೆ ದಾರಿಯಿಲ್ಲದೆ ಮಾಡಿದರು ಎನ್ನುವವರೂ ಇದ್ದಾರೆ. ಈ ತಂಡದ ಮಟ್ಟಿಗೆ ಎರಡೂ ಅರ್ಧ ಸತ್ಯ. ಅವರು ಇದಕ್ಕೂ ಮೊದಲು ಸ್ಟುಡಿಯೊಗಳಲ್ಲಿ ಧ್ವನಿಮುದ್ರಣ ಮಾಡಿದವರೇ. ಹಣ ಕಡಿಮೆಯಿದ್ದದ್ದು ನಿಜ, ಜೊತೆಗೆ ಅಲ್ಲಿ ಹಾಡು ತಣ್ಣಗಾಗುತ್ತದೆ ಎಂಬ ಅಸಮಾಧಾನವೂ ಇತ್ತು. ಮನೆಯ ಯಂತ್ರದಲ್ಲಾದರೆ ಹಾಡು ಹುಟ್ಟಿದ ದಿನವೇ, ಕೈ ಇನ್ನೂ ಅದಕ್ಕೆ ಒಗ್ಗುವ ಮೊದಲೇ ಹಿಡಿದಿಡಬಹುದು. ಇಂಥ ಒರಟು ಧ್ವನಿಮುದ್ರಣಕ್ಕೆ ಅಂಟಿಕೊಂಡ ‘ಲೋ-ಫೈ’ ಎಂಬ ಹೆಸರು ಕೂಡ ಯಾವುದೋ ಕಂಪನಿ ಮಾರಾಟಕ್ಕೆಂದು ಕಟ್ಟಿದ್ದಲ್ಲ. ನ್ಯೂಜೆರ್ಸಿಯ ಡಬ್ಲ್ಯುಎಫ್‌ಎಂಯು ಎಂಬ ಬಾನುಲಿ ಕೇಂದ್ರದಲ್ಲಿ 1986ರಲ್ಲಿ ವಿಲಿಯಂ ಬರ್ಗರ್ ಎಂಬವರು ಮನೆಯಲ್ಲಿ ಮುದ್ರಿಸಿದ ಟೇಪುಗಳನ್ನು ಕೇಳಿಸುವ ಕಾರ್ಯಕ್ರಮಕ್ಕೆ ಆ ಹೆಸರಿಟ್ಟದ್ದು ಅದರ ಬಳಕೆಗೆ ಒಂದು ಮುಖ್ಯ ಕಾರಣ. ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕುವುದೂ ಸರಿಯಲ್ಲ. ನ್ಯೂಟ್ರಲ್ ಮಿಲ್ಕ್ ಹೋಟೆಲ್ ತಂಡದ 1998ರ ಹೆಸರಾಂತ ಆಲ್ಬಮ್ಮನ್ನು ಇದೇ ಗುಂಪಿಗೆ ಸೇರಿಸುವುದುಂಟು. ಆದರೆ ಅದು ಡೆನ್ವರ್‌ನಲ್ಲಿ ನಿರ್ಮಾಪಕ ರಾಬರ್ಟ್ ಷ್ನೈಡರ್ ಅವರ ಕೈಯಲ್ಲಿ ಬಹಳ ಎಚ್ಚರದಿಂದ ಮುದ್ರಿತವಾದದ್ದು, ಅಲ್ಲಿನ ಒರಟುತನ ಆರಿಸಿಕೊಂಡದ್ದು. ‘ಬೀ ಥೌಸಂಡ್’ನ ಒರಟುತನ ಹೆಚ್ಚಾಗಿ ಒದಗಿ ಬಂದದ್ದು, ಮತ್ತು ಅಳಿಸದೆ ಉಳಿಸಿಕೊಂಡದ್ದು.

ಉಳಿಸಿಕೊಂಡದ್ದು ಎಂಬ ಮಾತನ್ನು ನಾನು ಒತ್ತಿ ಹೇಳುತ್ತಿದ್ದೇನೆ. ಆಲ್ಬಮ್ಮಿನ ಮೊದಲ ಹಾಡು ‘ಹಾರ್ಡ್‌ಕೋರ್ ಯುಎಫ್‌ಓಸ್’ ಅನ್ನು ಇವತ್ತು ಇನ್ನೊಮ್ಮೆ ಕೇಳಿ. ಹಾಡಿನ ನಡುವೆ ಗಿಟಾರ್ ಒಮ್ಮೆಗೇ ಮಾಯವಾಗುತ್ತದೆ, ಮತ್ತೆ ಬರುತ್ತದೆ. ಅದು ಸಂಯೋಜನೆಯಲ್ಲ, ಟೇಪಿನಲ್ಲಾದ ತಪ್ಪು. ಯಾವ ಸ್ಟುಡಿಯೊದಲ್ಲಾದರೂ ಅದನ್ನು ಮೊದಲು ಸರಿಪಡಿಸುತ್ತಿದ್ದರು. ಇವರು ಅದನ್ನು ಹಾಗೆಯೇ ಬಿಟ್ಟರು, ಬಿಟ್ಟದ್ದಲ್ಲದೆ ಆಲ್ಬಮ್ಮಿನ ಬಾಗಿಲಲ್ಲೇ ನಿಲ್ಲಿಸಿದರು. ಗಿಟಾರ್ ಹೋದ ಆ ಕ್ಷಣದಲ್ಲಿ ಕಂಠ ಮಾತ್ರ ಮುಂದೆ ಹೋಗುವುದನ್ನು ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಹಾಡು ಗಿಟ್ಟಿದೆ, ಇನ್ನು ಮುಟ್ಟಬೇಡಿ ಎಂದು ಯಾರೋ ಆ ಕೋಣೆಯಲ್ಲಿ ಗಟ್ಟಿಯಾಗಿ ನಿರ್ಧರಿಸಿದ್ದಾರೆ; ನೀವು ಮೂವತ್ತು ವರ್ಷ ಆಚೆಯಿಂದ ಕೇಳುತ್ತಿರುವುದು ಟೇಪಿನ ಸದ್ದನ್ನಷ್ಟೇ ಅಲ್ಲ, ಆ ನಿರ್ಧಾರವನ್ನು. ನನ್ನ ತಿಳಿವಳಿಕೆಯಲ್ಲಿ ನಿಮ್ಮ ಪ್ರೀತಿಯ ಬೇರು ಇರುವುದು ಇಲ್ಲಿ.

ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ‘ಐ ಆ್ಯಮ್ ಎ ಸೈಂಟಿಸ್ಟ್’ ಹಾಡನ್ನು ಅದೇ 1994ರಲ್ಲಿ ಆ್ಯಂಡಿ ಶರ್ನಾಫ್ ಎಂಬವರ ನಿರ್ಮಾಣದಲ್ಲಿ ಸ್ಟುಡಿಯೊದಲ್ಲಿ ಮತ್ತೆ ಮುದ್ರಿಸಿ ಪ್ರತ್ಯೇಕವಾಗಿ ಹೊರತಂದರು. ಎರಡನ್ನೂ ಒಂದರ ಹಿಂದೊಂದು ಕೇಳಿ. ಎರಡನೆಯದೂ ನಿಮಗೆ ಹಿಡಿಸಿದರೆ ನೀವು ಪ್ರೀತಿಸುತ್ತಿರುವುದು ಆ ರಾಗವನ್ನು, ಅದರ ಕಟ್ಟುವಿಕೆಯನ್ನು. ಹಿಡಿಸದಿದ್ದರೆ ಆ ಸದ್ದಿಗೂ ಅದರಲ್ಲಿ ಪಾಲಿದೆ. ಎರಡೂ ಒಪ್ಪತಕ್ಕ ಉತ್ತರಗಳೇ. ನನ್ನ ಮಟ್ಟಿಗೆ ಸ್ಟುಡಿಯೊ ಆವೃತ್ತಿ ಚೊಕ್ಕಟವಾಗಿದೆ, ಆದರೆ ಕ್ಯಾಸೆಟ್ಟಿನದರಲ್ಲಿ ಹಾಡುವವನು ನನ್ನ ಪಕ್ಕದ ಕುರ್ಚಿಯಲ್ಲಿದ್ದಾನೆ.

ಇಂಥ ಅನುಭವ ನನ್ನ ಕೆಲಸದಲ್ಲೂ ಆಗಿದೆ. ಕೆಲವು ವರ್ಷಗಳ ಹಿಂದೆ ಒಂದು ಮನೆಯವರು ತಮ್ಮ ಅಜ್ಜಿ ಹಾಡಿದ ಸೋಬಾನೆ ಪದಗಳ ಕ್ಯಾಸೆಟ್ ತಂದುಕೊಟ್ಟಿದ್ದರು. ಹಜಾರದಲ್ಲಿ ಟೇಪ್ ರೆಕಾರ್ಡರಿನ ಒಳಗಿನ ಮೈಕಿನಿಂದಲೇ ಮುದ್ರಿಸಿದ್ದು. ಸುಯ್ ಸದ್ದು, ಫ್ಯಾನಿನ ಗುಂಯ್‌ಗುಡುವಿಕೆ, ನಡುನಡುವೆ ಪಾತ್ರೆಯ ಸಪ್ಪಳ. ನಾನು ಎರಡು ದಿನ ಕುಳಿತು ಎಲ್ಲವನ್ನೂ ತೆಗೆದೆ. ಸದ್ದು ತೆಗೆಯುವ ಸಾಫ್ಟ್‌ವೇರ್ ಸುಯ್ ಸದ್ದನ್ನು ಕಳೆಯುವಾಗ ಅದೇ ಆವರ್ತನದಲ್ಲಿರುವ ಉಸಿರನ್ನೂ, ‘ಸ’ಕಾರ ‘ಶ’ಕಾರಗಳ ಅಂಚನ್ನೂ ಸ್ವಲ್ಪ ಸ್ವಲ್ಪ ಕತ್ತರಿಸುತ್ತದೆ ಎಂಬುದು ನನಗೆ ಗೊತ್ತಿತ್ತು, ಆದರೂ ಹೊಳಪಿನ ಆಸೆಗೆ ಬಿದ್ದೆ. ಮೊಮ್ಮಗಳು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಚೆನ್ನಾಗಿದೆ ಸರ್, ಆದರೆ ಇದರಲ್ಲಿ ಅಜ್ಜಿ ಇಲ್ಲ” ಎಂದರು. ಮರುದಿನ ಸದ್ದನ್ನು ಅರ್ಧಕ್ಕೂ ಕಡಿಮೆ ತೆಗೆದು, ಪಾತ್ರೆಯ ಸಪ್ಪಳವನ್ನು ಹಾಗೆಯೇ ಬಿಟ್ಟು ಕೊಟ್ಟೆ. ಅದನ್ನೇ ಒಯ್ದರು. ಆ ಹಾಡುಗಳಿಗೂ ಡೇಟನ್‌ನ ರಾಕ್ ತಂಡಕ್ಕೂ ಯಾವ ನಂಟೂ ಇಲ್ಲ, ಆದರೆ ಟೇಪಿನ ಮೇಲೆ ಮನುಷ್ಯನ ಸನ್ನಿಧಿ ಹೇಗೆ ಕೂತಿರುತ್ತದೆ ಎಂಬುದು ಎರಡು ಕಡೆಯೂ ಒಂದೇ.

ಇನ್ನು ನಿಮ್ಮ ಕಿವಿಯ ಮಾತು. ಕಿವಿ ಸದ್ದನ್ನು ಇದ್ದ ಹಾಗೆ ಮಿದುಳಿಗೆ ಒಪ್ಪಿಸುವ ಕೊಳವೆಯಲ್ಲ. ರಿಚರ್ಡ್ ವಾರನ್ ಎಂಬ ವಿಜ್ಞಾನಿ 1970ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮಾತಿನ ನಡುವಿನ ಒಂದು ಧ್ವನಿಯನ್ನು ಪೂರ್ತಿ ಕತ್ತರಿಸಿ ಆ ಜಾಗಕ್ಕೆ ಕೆಮ್ಮಿನ ಸದ್ದನ್ನು ಕೂಡಿಸಿದಾಗ, ಕೇಳಿದವರಿಗೆ ಪದ ಪೂರ್ತಿಯಾಗಿಯೇ ಕೇಳಿಸಿತು. ಯಾವ ಧ್ವನಿ ಇಲ್ಲವೆಂದು ಅವರಿಗೆ ಗುರುತಿಸಲಾಗಲಿಲ್ಲ. ಸದ್ದಿನ ಮರೆಯಲ್ಲಿ ಇರಬೇಕಾದದ್ದನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ನೀವು ಈ ಆಲ್ಬಮ್ಮನ್ನು ಎಂಟು ತಿಂಗಳು ದಿನವೂ ಕೇಳಿದ್ದೀರಿ. ಗಿಟಾರಿನ ಗದ್ದಲದ ಹಿಂದೆ ಬೇಸ್ ಎಲ್ಲಿ ನಡೆಯುತ್ತಿದೆ, ಎರಡನೆಯ ಕಂಠ ಎಲ್ಲಿ ಸೇರುತ್ತದೆ ಎಂಬುದು ನಿಮಗೆ ಈಗಾಗಲೇ ಗೊತ್ತು. ಮೊದಲ ಸಲ ಕೇಳುವ ಗೆಳತಿಗೆ ಮರೆ ಮಾತ್ರ ಕೇಳಿಸುತ್ತದೆ, ನಿಮಗೆ ಮರೆಯ ಹಿಂದಿನದೂ ಕೇಳಿಸುತ್ತದೆ. ಇದು ಪಳಗಿದ ಕಿವಿಯ ಲಕ್ಷಣ. ಒಂದು ಎಚ್ಚರ ಮಾತ್ರ ಇರಲಿ: ಹೆಡ್‌ಫೋನ್ ತೆಗೆದಿಟ್ಟ ಮೇಲೆ, ನಿಶ್ಶಬ್ದವಾದ ಕೋಣೆಯಲ್ಲೂ ಅದೇ ಸುಯ್ ಸದ್ದು ಉಳಿಯುತ್ತಿದ್ದರೆ ಅದು ಟೇಪಿನದಲ್ಲ, ತಡಮಾಡದೆ ಇಎನ್‌ಟಿ ವೈದ್ಯರನ್ನು ಕಾಣಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಅದಕ್ಕಿಂತ ಮೂರು ಡೆಸಿಬೆಲ್ ಏರಿದರೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ದಿನವೂ ಮಲಗುವ ಮೊದಲು ಕೇಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಹೊಸ ಹೆಡ್‌ಫೋನಿನಲ್ಲಿ ಕೆಟ್ಟದಾಗಿ ಕೇಳಿಸುವುದಕ್ಕೆ ಕಾರಣ ಸರಳ. ಈಗಿನ ಹಲವು ಹೆಡ್‌ಫೋನುಗಳು ಮೇಲಿನ ಸ್ವರಾಂಶಗಳನ್ನು ತುಸು ಎತ್ತಿ ತೋರಿಸುವಂತೆ ರೂಪುಗೊಂಡಿವೆ, ಮತ್ತು ನಿಮ್ಮ ಆಲ್ಬಮ್ಮಿನಲ್ಲಿ ಆ ಪ್ರದೇಶದಲ್ಲಿ ಇರುವುದು ಬಹುತೇಕ ಟೇಪಿನ ಸುಯ್ ಸದ್ದೇ. ಬ್ಲೂಟೂತ್‌ನಲ್ಲಿ ಕೇಳುತ್ತಿದ್ದರೆ ಇನ್ನೊಂದು ತೊಡಕಿದೆ: ಕ್ರಮವಿಲ್ಲದ ಸುಯ್ ಸದ್ದನ್ನು ಕಡಿಮೆ ದತ್ತಾಂಶದಲ್ಲಿ ಹಿಡಿದಿಡುವುದು ಸಂಕೋಚನ ತಂತ್ರಗಳಿಗೆ ಬಹಳ ಕಷ್ಟ, ಹಾಗಾಗಿ ಅದು ನೀರಿನಡಿಯ ಗುಳುಗುಳು ಸದ್ದಿನಂತೆ ಕೇಳಿಸತೊಡಗುತ್ತದೆ. ನಾಯ್ಸ್ ಕ್ಯಾನ್ಸಲಿಂಗ್ ಗುಂಡಿ ಒತ್ತಿದರೆ ಹೋಗುತ್ತದೆ ಎಂದು ಕೆಲವರು ನಂಬಿದ್ದಾರೆ. ಅದು ಕಳೆಯುವುದು ಹೊರಗಿನ ಬಸ್ಸಿನ, ಫ್ಯಾನಿನ ಸದ್ದನ್ನು ಮಾತ್ರ, ಹಾಡಿನೊಳಗಿನದನ್ನಲ್ಲ. ಆ್ಯಪ್‌ನಲ್ಲಿ ಗುಣಮಟ್ಟವನ್ನು ಅತಿ ಹೆಚ್ಚಿಗೆ ಇಟ್ಟು, ಸಾಧ್ಯವಾದರೆ ತಂತಿಯಲ್ಲಿ ಕೇಳಿ, ಸ್ವರಾಂಶಗಳ ಮಟ್ಟವನ್ನು ಏರಿಳಿಸುವ ಈಕ್ವಲೈಸರಿನಲ್ಲಿ ಎಂಟು ಸಾವಿರ ಹರ್ಟ್ಸ್‌ನಿಂದ ಮೇಲಿನದನ್ನು ಎರಡು-ಮೂರು ಡೆಸಿಬೆಲ್ ಇಳಿಸಿ. ಅದಕ್ಕಿಂತಲೂ ಒಳ್ಳೆಯದು, ಒಂದು ಜೋಡಿ ಸಾಧಾರಣ ಸ್ಪೀಕರಿನಲ್ಲಿ, ಕೋಣೆಯಲ್ಲಿ ಕುಳಿತು ಕೇಳುವುದು. ಈ ಹಾಡುಗಳು ಕೋಣೆಯ ಗಾಳಿಯಲ್ಲಿ ಬೆರೆತಾಗ ತಮ್ಮ ಜಾಗ ಕಂಡುಕೊಳ್ಳುತ್ತವೆ.

ಎಲ್‌ಪಿ ತರಿಸಿದರೆ ಸರಿಹೋಗುತ್ತದೆಯೇ ಎಂದಿರಿ. ಕ್ಯಾಸೆಟ್ಟಿನಲ್ಲಿ ಸುಯ್ ಸದ್ದಿಗೂ ಸಂಗೀತಕ್ಕೂ ನಡುವೆ ಸಿಗುವ ಅಂತರ, ಸುಯ್ ಸದ್ದನ್ನು ತಗ್ಗಿಸುವ ತಂತ್ರ ಬಳಸದಿದ್ದರೆ, ಸುಮಾರು 50ರಿಂದ 55 ಡೆಸಿಬೆಲ್; ಸಿಡಿಯಲ್ಲಿ ಅದು ಸುಮಾರು 96. ಮೂಲವೇ ಒಂದು ಲೋಟದಷ್ಟಿರುವಾಗ ಅದನ್ನು ಕೊಡಕ್ಕೆ ಸುರಿದರೂ ಹಂಡೆಗೆ ಸುರಿದರೂ ನೀರು ಲೋಟದಷ್ಟೇ. ಎಲ್‌ಪಿ ಆಗಲಿ, ಇಪ್ಪತ್ತನಾಲ್ಕು ಬಿಟ್‌ನ ದುಬಾರಿ ಕಡತವಾಗಲಿ ಮೂಲದಲ್ಲಿ ಇಲ್ಲದ್ದನ್ನು ತಂದುಕೊಡುವುದಿಲ್ಲ. ಆ ತಟ್ಟೆಯನ್ನು ಕೈಯಲ್ಲಿ ಹಿಡಿಯಬೇಕು, ಬದಿ ತಿರುಗಿಸಿ ಕೇಳಬೇಕು ಎಂಬ ಆಸೆಯಿದ್ದರೆ ಧಾರಾಳವಾಗಿ ತರಿಸಿಕೊಳ್ಳಿ, ಅದೊಂದು ಒಳ್ಳೆಯ ಆಸೆ. ಸದ್ದು ಸುಧಾರಿಸುತ್ತದೆ ಎಂದು ಮಾತ್ರ ತರಿಸಬೇಡಿ.

ಶೋಕಿ ಎಂಬ ಮಾತಿಗೆ ಬರುತ್ತೇನೆ, ನಿಮಗೆ ನೋವಾದದ್ದು ಅದರಿಂದಲೇ ಅಲ್ಲವೇ? ಹುಟ್ಟುವ ಮೊದಲಿನ ಸಂಗೀತ ಮನಸ್ಸಿಗೆ ತಾಗುವುದು ಅಪರೂಪವಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರೊಲ್ ಕ್ರಮ್‌ಹಾನ್ಸ್ಲ್ ಮತ್ತು ಜಸ್ಟಿನ್ ಜುಪ್ನಿಕ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಪ್ಪತ್ತರ ಆಸುಪಾಸಿನ 62 ವಿದ್ಯಾರ್ಥಿಗಳಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳನ್ನು ಕೇಳಿಸಿದಾಗ, ತಮ್ಮ ಕಾಲದ ಹಾಡುಗಳಲ್ಲದೆ ತಂದೆತಾಯಿಯ ಯೌವನಕಾಲದ ಹಾಡುಗಳಿಗೂ ನೆನಪು ಮತ್ತು ಭಾವ ಬಲವಾಗಿ ಅಂಟಿಕೊಂಡಿದ್ದು ಕಂಡಿತು. ಮನೆಯಲ್ಲಿ, ಪ್ರಯಾಣದಲ್ಲಿ ಕಿವಿಗೆ ಬಿದ್ದದ್ದು ಮಕ್ಕಳೊಳಗೆ ಇಳಿದಿರುತ್ತದೆ. ಆದರೆ ಈ ವಿವರಣೆ ನಿಮಗೆ ನೇರವಾಗಿ ಹೊಂದುವುದಿಲ್ಲ, ಏಕೆಂದರೆ ಶಿವಮೊಗ್ಗದ ನಿಮ್ಮ ಮನೆಯಲ್ಲಿ ಯಾರೂ ಈ ತಂಡವನ್ನು ಕೇಳಿರಲಾರರು. ಹಾಗಾಗಿ ನಾನು ಇದನ್ನು ಹಳೆಯ ಕಾಲದ ಹಂಬಲ ಎಂದು ಕರೆಯುವುದಿಲ್ಲ. ನೀವು 1994ಕ್ಕೆ ಹಂಬಲಿಸುತ್ತಿಲ್ಲ. ಮೂವತ್ತಾರು ನಿಮಿಷ ಚೆನ್ನಾಗಿ ಕಟ್ಟಿದ ಹಾಡುಗಳನ್ನು ಕೇಳುತ್ತಿದ್ದೀರಿ, ಅವು ನಿಮಗೆ ಈ ವರ್ಷ ಹೊಸವು.

ನಿಮ್ಮ ಗೆಳತಿಗೆ ಇದನ್ನೂ ತಿಳಿಸಬಹುದು. ಈ ಹಾಡುಗಳನ್ನು ಕಟ್ಟಿದವರೇ ಆ ಹೊತ್ತಿನ ಸಂಗೀತವನ್ನು ಮಾಡುತ್ತಿರಲಿಲ್ಲ. ಪೊಲಾರ್ಡ್ ಹುಟ್ಟಿದ್ದು 1957ರಲ್ಲಿ. 1964ರಲ್ಲಿ ಬ್ರಿಟಿಷ್ ತಂಡಗಳು ಅಮೆರಿಕದ ರೇಡಿಯೊಗಳನ್ನು ತುಂಬಿಕೊಂಡಾಗ ಅವರಿನ್ನೂ ಆರೇಳು ವರ್ಷದ ಹುಡುಗ. ಮೂವತ್ತು ವರ್ಷದ ಮೇಲೆ ಒಹಾಯೊದ ನೆಲಮಾಳಿಗೆಯಲ್ಲಿ ಅವರು ಅರಸುತ್ತಿದ್ದದ್ದು ಆ ಬಾಲ್ಯದ ಪಲ್ಲವಿಗಳ ಸೊಗಸನ್ನು. ‘ಎಕೋಸ್ ಮೈರನ್’ ಹಾಡು ಕೇಳಿದರೆ ಇದು ತಟ್ಟನೆ ಗೊತ್ತಾಗುತ್ತದೆ. ಆಲ್ಬಮ್ಮಿನ ಎಷ್ಟೋ ಭಾಗಗಳು ಅದಕ್ಕೂ ಹಲವು ವರ್ಷ ಮೊದಲಿನ ಹಳೆಯ ಟೇಪುಗಳಿಂದ ಹೆಕ್ಕಿ ತಿದ್ದಿದವು. 1994ರಲ್ಲಿ ಅಂಗಡಿಗೆ ಹೋಗಿ ಕೊಂಡವನೂ ಹಳೆಯದೊಂದನ್ನೇ ಮನೆಗೆ ತಂದಿದ್ದ. ಸಾಹಿತ್ಯ ಅರ್ಥವಾಗದಿರುವ ಬಗ್ಗೆಯೂ ಚಿಂತೆ ಬೇಡ. ಅವು ಕಥೆ ಹೇಳುವ ಪದ್ಯಗಳಲ್ಲ, ಕಿವಿಗೆ ಹಿತವಾದ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟ ಜೋಡಣೆಗಳು. ಇಂಗ್ಲಿಷ್ ತಾಯಿನುಡಿಯಾದವರಿಗೂ ಅವು ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ನಾನು ಮಾತ್ರ ‘ಗೋಲ್ಡ್ ಸ್ಟಾರ್ ಫಾರ್ ರೋಬೋಟ್ ಬಾಯ್’ ಎಂಬ ಶೀರ್ಷಿಕೆ ಕಂಡಾಗಲೆಲ್ಲ, ಚೆನ್ನಾಗಿ ಬರೆದ ಹುಡುಗನ ಪುಸ್ತಕಕ್ಕೆ ಚಿನ್ನದ ನಕ್ಷತ್ರ ಅಂಟಿಸುವ ನಾಲ್ಕನೆಯ ತರಗತಿಯ ಮೇಷ್ಟರನ್ನು ನೆನೆದುಕೊಳ್ಳುತ್ತೇನೆ. ಅದು ನನ್ನ ಓದು. ನಿಮಗೆ ನಿಮ್ಮದು ಸಿಗುತ್ತದೆ.

ಕೊನೆಗೆ ಯಂತ್ರ. ನೀವು ಎಂಜಿನಿಯರಿಂಗ್ ವಿದ್ಯಾರ್ಥಿನಿಯಾದ್ದರಿಂದ ಬಿಚ್ಚಿ ಹೇಳುತ್ತೇನೆ. ಈಗ ಸಿಗುವ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರಗಳೆಲ್ಲ ಬಹುಮಟ್ಟಿಗೆ ಬಳಸಿ ಬಿಟ್ಟವು, ಮೂವತ್ತು ನಲವತ್ತು ವರ್ಷ ಹಳೆಯವು. ಆಸೆಪಡುವವರು ಹೆಚ್ಚಿರುವುದರಿಂದ ಬೆಲೆಯೂ ಏರಿದೆ. ಒಳಗಿನ ರಬ್ಬರ್ ಬೆಲ್ಟು ಸಡಿಲವಾಗಿರುತ್ತದೆ, ಕೆಲವೊಮ್ಮೆ ಕರಗಿ ಡಾಂಬರಿನಂತೆ ಚಕ್ರಕ್ಕೆ ಮೆತ್ತಿಕೊಂಡಿರುತ್ತದೆ. ಟೇಪನ್ನು ಒತ್ತಿ ಹಿಡಿಯುವ ರಬ್ಬರ್ ಉರುಳೆ ಗಟ್ಟಿಯಾಗಿದ್ದರೆ ವೇಗ ಏರಿಳಿದು ಸ್ವರ ನಡುಗುತ್ತದೆ. ಹೆಡ್ ಸವೆದಿದ್ದರೆ ಬದಲಿ ಸಿಗುವುದು ಬಹಳ ಕಷ್ಟ. ಇವುಗಳಲ್ಲಿ ಹೆಚ್ಚಿನವನ್ನು ಟೈಪ್ 2, ಅಂದರೆ ಕ್ರೋಮ್ ಬಗೆಯ ಲೇಪದ ಟೇಪಿಗೆ ಹೊಂದಿಸಿದ್ದಾರೆ. ಈಗ ಹೊಸದಾಗಿ ತಯಾರಾಗುವುದು ಬಹುತೇಕ ಟೈಪ್ 1, ಅಂದರೆ ಸಾಧಾರಣ ಕಬ್ಬಿಣದ ಆಕ್ಸೈಡ್ ಲೇಪದ್ದು; ಅದನ್ನು ಹಾಕಿದರೆ ಯಂತ್ರದ ನಿಜವಾದ ದನಿ ಸಿಗುವುದಿಲ್ಲ. ಇಷ್ಟೆಲ್ಲ ತಿಳಿದೂ ಬೇಕೆನಿಸಿದರೆ, ಎದುರಿಗೆ ನಿಂತು ನಾಲ್ಕೂ ಟ್ರ್ಯಾಕಿನಲ್ಲಿ ಮುದ್ರಿಸಿ, ಹಿಂದಕ್ಕೆ ಓಡಿಸಿ, ಮತ್ತೆ ಕೇಳಿ ನೋಡಿಯೇ ಹಣ ಕೊಡಿ. ನೋಡದೆ ಪಾರ್ಸೆಲ್‌ನಲ್ಲಿ ತರಿಸಬೇಡಿ. ಹೆಡ್ ಅನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸುವುದು, ಬೆಲ್ಟು ಬದಲಿಸುವುದು ನೀವೇ ಕಲಿಯಬೇಕಾದ ಕೆಲಸಗಳು, ಏಕೆಂದರೆ ಇವನ್ನು ಬಲ್ಲ ರಿಪೇರಿಯವರು ಕಡಿಮೆಯಾಗಿದ್ದಾರೆ.

ಎರಡನೆಯ ದಾರಿ, ಸಾಫ್ಟ್‌ವೇರಿನಲ್ಲಿ ಚೊಕ್ಕಟವಾಗಿ ಮುದ್ರಿಸಿ ಆಮೇಲೆ ಟೇಪಿನಂತೆ ಕೇಳಿಸುವ ಪ್ಲಗ್-ಇನ್ ಎಂಬ ಸೇರ್ಪಡೆ ಸಾಫ್ಟ್‌ವೇರ್ ಹಾಕುವುದು. ಖರ್ಚು ಕಡಿಮೆ. ಆದರೆ ಅದರ ಅಪಾಯ ನಾನು ಹಲವು ಯುವಕರಲ್ಲಿ ಕಂಡದ್ದು: ನಲವತ್ತು ಟ್ರ್ಯಾಕು ಪೇರಿಸಿ, ತಿಂಗಳುಗಟ್ಟಲೆ ತಿದ್ದಿ, ಕಂಠವನ್ನು ಶ್ರುತಿಗೆ ಎಳೆದು ಕೂರಿಸಿ, ಕೊನೆಗೆ ಒಂದು ಚಮಚ ಸುಯ್ ಸದ್ದು ಬೆರೆಸುತ್ತಾರೆ. ಆಗ ಸದ್ದು ಬರುತ್ತದೆ, ನಿರ್ಧಾರ ಬರುವುದಿಲ್ಲ.

ನಿಮಗೆ ನಾನು ಸೂಚಿಸುವುದು ಮೂರನೆಯದು. ನಿಮ್ಮ ಲ್ಯಾಪ್‌ಟಾಪಿನಲ್ಲೋ ಫೋನಿನಲ್ಲೋ ಇರುವ ಉಚಿತ ಸಾಫ್ಟ್‌ವೇರ್ ಸಾಕು. ನಾಲ್ಕೇ ಟ್ರ್ಯಾಕು ತೆರೆಯಿರಿ, ಐದನೆಯದು ಬೇಡ. ತುಣುಕು ತುಣುಕಾಗಿ ಅಂಟಿಸದೆ ಪ್ರತಿಯೊಂದನ್ನೂ ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ನುಡಿಸಿ. ತಪ್ಪಾದರೆ ಪೂರ್ತಿ ಇನ್ನೊಮ್ಮೆ, ಮೂರು ಸಲಕ್ಕಿಂತ ಹೆಚ್ಚಿಲ್ಲ, ಹಾಡನ್ನು ಅದೇ ದಿನ ಮುಗಿಸಿ. ಹಾಸ್ಟೆಲ್ ಕೋಣೆಯ ಮಂಚದ ಮೇಲೆ ಹೊದಿಕೆ ಹರಡಿ ಅದರ ಎದುರಿಗೆ ಕುಳಿತು ಹಾಡಿದರೆ ಗೋಡೆಯ ಪ್ರತಿಧ್ವನಿ ಸಾಕಷ್ಟು ತಗ್ಗುತ್ತದೆ. ಮೈಕನ್ನು ಬಾಯಿಯ ನೇರಕ್ಕಲ್ಲದೆ ತುಸು ಓರೆಯಾಗಿ, ಒಂದು ಗೇಣು ದೂರದಲ್ಲಿಡಿ. ಟೇಪಿನ ಸದ್ದೇ ಬೇಕೆನಿಸಿದರೆ, ಮನೆಯಲ್ಲಿ ಯಾರದಾದರೂ ಹಳೆಯ ಟೇಪ್ ರೆಕಾರ್ಡರ್ ಸುಸ್ಥಿತಿಯಲ್ಲಿದ್ದರೆ, ಮುಗಿದ ಹಾಡನ್ನು ಒಮ್ಮೆ ಅದರ ಮೇಲೆ ಮುದ್ರಿಸಿ ಮತ್ತೆ ಒಳಕ್ಕೆ ತೆಗೆದುಕೊಳ್ಳಿ. ಎರಡನ್ನೂ ಒಂದು ವಾರ ಬಿಟ್ಟು ಕೇಳಿ ಆರಿಸಿ.

ಒಂದನ್ನು ಮಾತ್ರ ಮರೆಯಬೇಡಿ. ಟೇಪಿನ ಸದ್ದನ್ನು ಆಮೇಲೆ ಸೇರಿಸಬಹುದು, ಆದರೆ ಸೇರಿಹೋದ ಸದ್ದನ್ನು ಹಾಡಿಗೆ ಗಾಯವಾಗದಂತೆ ಬೇರ್ಪಡಿಸಲಾಗುವುದಿಲ್ಲ. ಹಾಗಾಗಿ ಟೇಪಿಗೆ ಹಾಕುವ ಮೊದಲಿನ ನಾಲ್ಕೂ ಟ್ರ್ಯಾಕುಗಳ ಮೂಲ ಕಡತಗಳನ್ನು, ಹಾಡಿನ ಹೆಸರು ಮತ್ತು ದಿನಾಂಕ ಬರೆದು, ಲ್ಯಾಪ್‌ಟಾಪಿನಲ್ಲೊಂದು ಮತ್ತು ಬೇರೆ ಡ್ರೈವಿನಲ್ಲೊಂದು ಪ್ರತಿ ಇಡಿ. ಮೊದಲ ಸಲ ಹಾಡಿದ್ದು ತಪ್ಪಾಗಿದ್ದರೂ ಅದನ್ನೂ ಅಳಿಸಬೇಡಿ.